ಪಾಯಸ ಬರುವಷ್ಟರಲ್ಲಿ ಒಂದು ಚೂರ್ಣಿಕೆ

ಮದುವೆ ಗೊತ್ತಾದ ಮನೆಯವರು ಅಡಿಗೆ ಮಾತಾಡಲು ಬಂದರೆ ಈಗೀಗ ಒಂದು ಮಾತು ಇದ್ದೇ ಇರುತ್ತದೆ. "ಊಟದ ಹೊತ್ತಿಗೆ ಏನಾದರೂ ಮನರಂಜನೆ ಬೇಕಲ್ವಾ, ಆರ್ಕೆಸ್ಟ್ರಾದವರಿಗೆ ಹೇಳಿದ್ದೇವೆ, ನೀವು ಬಫೆ ಮಾಡಿಬಿಡಿ." ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಎಲ್ಲ ಕಡೆಯೂ ಹೀಗೆಯೇ. ನಾನು ಕಾಸರಗೋಡಿನ ಈ ಸೀಮೆಯಲ್ಲಿ ಜಂಬರದ, ಅಂದರೆ ಮದುವೆ ಮುಂಜಿಯಂಥ ಸಮಾರಂಭದ, ಅಡಿಗೆ ವಹಿಸಿಕೊಳ್ಳುವವನು. ಅವರಿಗೆ ನಾನು ಹೇಳುವುದು ಇಷ್ಟೇ: ಮನರಂಜನೆ ಖಂಡಿತ ಇರಲಿ, ಆದರೆ ಅದು ಊಟದ ಒಳಗೇ ಇರಲಿ. ಹಳೇ ಕಾಲದ ಹಠ ಅಂತ ಕೆಲವರಿಗೆ ಅನಿಸಬಹುದು. ಅಡಿಗೆಮನೆ ಕಡೆಯಿಂದ ನೋಡಿದರೆ ಇದಕ್ಕೆ ಗಟ್ಟಿ ಕಾರಣ ಇದೆ.

ಔತಣ ಯಾವ ಕಾಲದಲ್ಲೂ ಬರೀ ಹೊಟ್ಟೆ ತುಂಬಿಸುವ ಕೆಲಸ ಆಗಿರಲಿಲ್ಲ. ಈಗಿನ ಇರಾಕಿನ ನಿಮ್ರೂದ್‌ನಲ್ಲಿ, ಕ್ರಿಸ್ತಪೂರ್ವ 9ನೇ ಶತಮಾನದಲ್ಲಿ, ಅಸ್ಸೀರಿಯಾದ ದೊರೆ ಎರಡನೇ ಅಶುರ್‌ನಾಸಿರ್‌ಪಾಲ್ ತನ್ನ ಹೊಸ ಅರಮನೆಯ ಪ್ರವೇಶಕ್ಕೆ ಊಟ ಹಾಕಿಸಿದ. 10 ದಿನ, 69,574 ಜನ. ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾನೆ. ಆ ಕಲ್ಲು 1951ರಲ್ಲಿ ಸಿಕ್ಕಿತು. ರಾಜ್ಯದ ಮೂಲೆ ಮೂಲೆಯಿಂದ ಬಂದವರು 47,074, ಹೊರಗಿನ ದೇಶಗಳ ದೂತರು 5,000, ಅದೇ ಊರಿನವರು 16,000, ಅರಮನೆಯ ಅಧಿಕಾರಿಗಳು 1,500. ಕುರಿ ಎಷ್ಟು, ರೊಟ್ಟಿ ಎಷ್ಟು, ಮದ್ಯ ಎಷ್ಟು ಅಂತ ಉದ್ದದ ಪಟ್ಟಿಯೂ ಇದೆ. ಆದರೆ ನನಗೆ ಆ ಶಾಸನದಲ್ಲಿ ತುಂಬ ಹಿಡಿಸಿದ್ದು ಕೊನೆಯ ಮಾತು. ಅವರಿಗೆಲ್ಲ ಉಣ್ಣಿಸಿ, ಕುಡಿಸಿ, ಸ್ನಾನ ಮಾಡಿಸಿ, ಎಣ್ಣೆ ಪೂಸಿ, ಮರ್ಯಾದೆ ಮಾಡಿ, ಸಂತೋಷದಿಂದ ಅವರವರ ಊರಿಗೆ ಕಳಿಸಿದೆ ಅನ್ನುತ್ತಾನೆ. ಅಷ್ಟು ದೊಡ್ಡ ದೊರೆಗೂ ಬಂದವರು ಹೇಗೆ ಎದ್ದು ಹೋದರು ಅನ್ನುವುದು ಮುಖ್ಯವಾಗಿತ್ತು.

ನಮ್ಮ ಕಲ್ಯಾಣದ (ಈಗಿನ ಬಸವಕಲ್ಯಾಣ) ಕಡೆಗೇ ಬನ್ನಿ. ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಬರೆದ. ಐದು ಭಾಗದ ಪುಸ್ತಕ, ಒಂದೊಂದರಲ್ಲಿ ಇಪ್ಪತ್ತು ವಿಷಯ. ಊಟದ ಸಂಗತಿ ಉಪಭೋಗದ ಭಾಗದಲ್ಲಿದೆ, ಅದರ ಬೆನ್ನಿಗೇ ವಿನೋದದ ಭಾಗ, ಆಮೇಲೆ ಕ್ರೀಡೆ. ಉದ್ದಿನಲ್ಲಿ ಮಾಡುವ, ಇಡ್ಲಿಯ ಹಳೇ ರೂಪವಾದ ಇಡ್ಡರಿಕೆಯ ಮಾತೂ ಅಲ್ಲಿದೆ. ದೊರೆ ಮಕ್ಕಳು ಮೊಮ್ಮಕ್ಕಳು ನೆಂಟರ ಜೊತೆ ಕೂತು ಉಣ್ಣಬೇಕು, ಮೊದಲು ಅನ್ನ, ಹೆಸರುಬೇಳೆ, ತುಪ್ಪ, ನಡುವೆ ಪಾಯಸ, ಕೊನೆಗೆ ಮೊಸರು ಮಜ್ಜಿಗೆ. ಈಗ ನಾವು ಹಂತಿಗೆ, ಅಂದರೆ ಎಲೆಯ ಮುಂದೆ ಸಾಲಾಗಿ ಕೂತವರಿಗೆ, ಬಡಿಸುವ ಕ್ರಮ ಇದಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಅಡಿಗೆಯವನಾಗಿ ನನಗೆ ಇದು ಹೆಮ್ಮೆಯ ವಿಷಯ.

ಯುರೋಪಿನವರು ಬೇರೆ ದಾರಿ ಹಿಡಿದರು. ಅಲ್ಲಿ ದೊಡ್ಡ ಔತಣ ಅಂದರೆ ಸರದಿ ಸರದಿಯಾಗಿ ಭಕ್ಷ್ಯ. ಒಂದು ಸರದಿಯ ಪಾತ್ರೆಗಳನ್ನು ಎತ್ತಿ ಇನ್ನೊಂದನ್ನು ತಂದಿಡುವಷ್ಟರಲ್ಲಿ ಮೇಜಿನ ಮುಂದೆ ಕೂತವರು ಸುಮ್ನೆ ಕೂರಬೇಕಾಗುತ್ತದೆ. ಆ ಬಿಡುವಿಗೆ ಹಾಡು, ಆಟ, ವೇಷ ಬಂದವು. 1454ರ ಫೆಬ್ರವರಿ 17ರಂದು ಲಿಲ್ ನಗರದಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಕೊಟ್ಟ ಔತಣದ ಕಥೆ ಪ್ರಸಿದ್ಧ. ಒಂದು ಮೇಜಿನ ಮೇಲೆ ದೈತ್ಯ ಗಾತ್ರದ ಪೈ (ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸುವ ಭಕ್ಷ್ಯ), ಅದರ ಒಳಗೆ ಜೀವಂತ 28 ಜನ ವಾದ್ಯಗಾರರು! ಆನೆಯ ಮೇಲೆ ಹೆಂಗಸಿನ ವೇಷವೊಂದು ಬಂತು, ಅದು ಕ್ರೈಸ್ತ ಧರ್ಮಸಭೆಯ ಪಾತ್ರ. ತನ್ನ ಕಷ್ಟ ಹೇಳಿಕೊಂಡಿತು. ಹಿಂದಿನ ವರ್ಷ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದಿದ್ದರು, ಅದನ್ನು ಬಿಡಿಸಿಕೊಳ್ಳಲು ಯುದ್ಧಕ್ಕೆ ಹೊರಡುತ್ತೇವೆ ಅಂತ ಊಟಕ್ಕೆ ಕೂತ ಸರದಾರರಿಂದ ಶಪಥ ಮಾಡಿಸುವುದು ಇಡೀ ಔತಣದ ಉದ್ದೇಶ. ಶಪಥ ಆಯಿತು, ಯುದ್ಧಯಾತ್ರೆ ಹೊರಡಲೇ ಇಲ್ಲ. ಜನರಿಗೆ ಇವತ್ತಿಗೂ ನೆನಪಿರುವುದು ಆ ಪೈ.

ಅಲ್ಲಿಂದ ಮುಂದೆ ಆಟ ದೊಡ್ಡದಾಗುತ್ತಾ ಹೋಯಿತು, ಊಟ ಹಿಂದೆ ಸರಿಯಿತು. 1574ರಲ್ಲಿ ಫ್ರಾನ್ಸಿನ ಮೂರನೇ ಹೆನ್ರಿ ವೆನಿಸ್‌ಗೆ ಬಂದಾಗ ಮೇಜಿನ ಮೇಲೆ ಇಟ್ಟ ಕರವಸ್ತ್ರ, ತಟ್ಟೆ, ಚೂರಿ ಎಲ್ಲ ಸಕ್ಕರೆಯದ್ದು, ದೊರೆ ಕರವಸ್ತ್ರ ಎತ್ತಿದರೆ ಕೈಯಲ್ಲೇ ಮುರಿಯಿತಂತೆ. ಸಕ್ಕರೆಯಲ್ಲಿ ಅಷ್ಟು ನಯವಾಗಿ ಕೆಲಸ ಮಾಡಿದ ಕೈಗಳಿಗೆ ನಾನು ತಲೆಬಾಗುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ವರ್ಸೇಲ್ಸ್ ಅರಮನೆಯಲ್ಲಿ 14ನೇ ಲೂಯಿ ಊಟ ಮಾಡುವುದೇ ಪ್ರದರ್ಶನ. ದೊರೆ ಕೂತು ಉಣ್ಣುತ್ತಾನೆ, ಜನ ನಿಂತು ನೋಡುತ್ತಾರೆ. ಅಡಿಗೆಮನೆ ದೂರ, ಭಕ್ಷ್ಯಗಳು ಮೆರವಣಿಗೆಯಲ್ಲಿ ಮೇಜಿಗೆ ಬರುವಷ್ಟರಲ್ಲಿ ತಣ್ಣಗಾಗುತ್ತಿದ್ದವು. 19ನೇ ಶತಮಾನದಲ್ಲಿ ರಷ್ಯಾದ ಕ್ರಮ ಅಂತ ಅವರು ಹೊಸದಾಗಿ ಕಲಿತರು, ಒಂದೊಂದೇ ಭಕ್ಷ್ಯವನ್ನು ಬಿಸಿಬಿಸಿಯಾಗಿ ಒಬ್ಬೊಬ್ಬರಿಗೇ ಬಡಿಸುವುದು. ನಮ್ಮ ಹಂತಿಯಲ್ಲಿ ಅದೇ ತಾನೇ ಮೊದಲಿನಿಂದ ನಡೆಯುತ್ತಿರುವುದು?

ಈಗ ಹಂತಿಯ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ನನಗೆ ಗೊತ್ತಿರುವ ಲೋಕ ಇದು.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವ ಹಾಗೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ತಾಳು, ಗೊಜ್ಜು ಎಲ್ಲ ಬಡಿಸಿ, ಅನ್ನ ಹಾಕಿ ತುಪ್ಪ ಬಿಟ್ಟ ಮೇಲೆ ಊಟ ಶುರು. ಸಾರು ಹೋಗುತ್ತದೆ, ಸಾಂಬಾರು, ಮೆಣಸ್ಕಾಯಿ, ಅವಿಲು, ಮೇಲಾರ. ಸುಧರಿಕೆಗೆ, ಅಂದರೆ ಬಡಿಸುವ ಓಡಾಟಕ್ಕೆ, ನಿಂತ ಹುಡುಗರು ಶಾಲು ಸೊಂಟಕ್ಕೆ ಬಿಗಿದು ಬಗ್ಗಿ ಬಗ್ಗಿ ಬಡಿಸುತ್ತಾರೆ. ಮನೆ ಯಜಮಾನ ಕೈ ಮುಗಿದು "ಸಾವಕಾಶ, ಸಾವಕಾಶ" ಅಂತ ಹಂತಿಯ ಉದ್ದಕ್ಕೂ ನಡೆಯುತ್ತಾನೆ. ಪಾಯಸದ ಬಕೆಟ್ಟು ಹಂತಿಯ ತಲೆಗೆ ಬಂದಾಗ ಯಾರೋ ಒಬ್ಬ ಹಿರಿಯರು, ಸ್ವರ ಇರುವವರು, ಕೂತಲ್ಲಿಂದಲೇ ಒಂದು ಚೂರ್ಣಿಕೆ, ಅಂದರೆ ರಾಗವಾಗಿ ಹೇಳುವ ಗದ್ಯದ ದೇವಸ್ತುತಿ, ಎತ್ತುತ್ತಾರೆ. ಉಸಿರು ಹಿಡಿದು ಉದ್ದಕ್ಕೆ ಹೇಳಿಕೊಂಡು ಹೋಗಿ ಕೊನೆಗೆ ನಿಲ್ಲಿಸಿದ ಕೂಡಲೇ ಇಡೀ ಹಂತಿ "ಹರಹರ ಮಹಾದೇವ" ಅನ್ನುತ್ತದೆ. ಆಚೆ ಸಾಲಿನಿಂದ ಇನ್ನೊಬ್ಬರು ಶುರು ಮಾಡುತ್ತಾರೆ, ಇವರಿಗಿಂತ ಉದ್ದದ್ದು. ಮಕ್ಕಳು ತಿರುಗಿ ನೋಡುತ್ತಾರೆ, ಹತ್ತು ವರ್ಷದ ಹುಡುಗನೊಬ್ಬ ತಾನು ಕಲಿತ ಶ್ಲೋಕ ಹೇಳಿದರೆ ಹಂತಿಗೆ ಹಂತಿಯೇ ಖುಷಿ.

ಹೊರಗಿನವರಿಗೆ ಇದು ಭಕ್ತಿ ಮತ್ತು ಗಮ್ಮತ್ತು. ನನಗೆ ಇದು ಸಮಯ. ಐವತ್ತು ಎಲೆಯ ಹಂತಿಯಲ್ಲಿ ಪಾಯಸ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಬೇಕು. ಮೊದಲು ಸಿಕ್ಕಿದವನು ಕಾಯಬೇಕು, ಕೊನೆಯವನಿಗೆ ಅವಸರ ಆಗಬಾರದು. ಆ ಬಿಡುವನ್ನು ಚೂರ್ಣಿಕೆ ತುಂಬಿಸುತ್ತದೆ. ಒಲೆಯ ಹತ್ತಿರ ನಿಂತ ನನಗೆ ಹಂತಿ ಕಾಣುವುದಿಲ್ಲ, ಸ್ವರ ಕೇಳುತ್ತದೆ. ಮೊದಲನೇ "ಹರಹರ ಮಹಾದೇವ" ಬಿದ್ದರೆ ಪಾಯಸ ಅರ್ಧ ಹಂತಿ ದಾಟಿದೆ ಅಂತ ಗೊತ್ತಾಗುತ್ತದೆ, ಹೋಳಿಗೆ ಮತ್ತು ಕಾಯಿಹಾಲು ಬಾಗಿಲಿಗೆ ಬರಲಿ ಅಂತ ಕೂಗುತ್ತೇನೆ. ಲಿಲ್‌ನ ವಾದ್ಯಗಾರರು ತುಂಬಿಸಿದ್ದೂ ಇಂಥದ್ದೇ ಬಿಡುವು. ಒಂದು ವ್ಯತ್ಯಾಸ ಇದೆ, ನಮ್ಮಲ್ಲಿ ಹಾಡುವವನ ಎಲೆಗೂ ಪಾಯಸ ಬೀಳುತ್ತದೆ.

ನಮ್ಮ ಕೇರಳದಲ್ಲೇ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಊಟ ಇದೆ. ಪತ್ತನಂತಿಟ್ಟ ಜಿಲ್ಲೆಯ ಆರನ್ಮುಳ ಪಾರ್ಥಸಾರಥಿ ದೇವಸ್ಥಾನದ ವಳ್ಳಸದ್ಯ. ಪಂಪಾ ನದಿಯಲ್ಲಿ ಪಳ್ಳಿಯೋಡ ಅನ್ನುವ ಉದ್ದದ ದೋಣಿಗಳಲ್ಲಿ ಹಾಡಿಕೊಂಡು ಬಂದ ಹುಟ್ಟುಗಾರರಿಗೆ ಹರಕೆಯ ಊಟ ಹಾಕುತ್ತಾರೆ. ಅರವತ್ತಕ್ಕಿಂತ ಜಾಸ್ತಿ ಬಗೆ. ಎಲೆಯ ಮುಂದೆ ಕೂತವರು ಪದ್ಯ ಹಾಡಿ ಒಂದೊಂದೇ ಪದಾರ್ಥ ಕೇಳುತ್ತಾರೆ, ಕೇಳಿದ್ದನ್ನು ಬಡಿಸಲೇಬೇಕು, ಇಲ್ಲ ಅನ್ನುವ ಹಾಗಿಲ್ಲ. ಹಾಡೇ ಅಲ್ಲಿ ಬಡಿಸುವವರಿಗೆ ಅಪ್ಪಣೆ. ಅಡಿಗೆ ಕೆಲಸದಲ್ಲಿ ಇರುವವರು ಒಮ್ಮೆಯಾದರೂ ಅದನ್ನು ನೋಡಬೇಕು.

ಬಫೆಯಲ್ಲಿ ಈ ಬಿಡುವೇ ಇಲ್ಲ. ಎಲ್ಲ ಪದಾರ್ಥ ಒಟ್ಟಿಗೆ ಇಟ್ಟಿರುತ್ತದೆ, ಜನ ಸಾಲಿನಲ್ಲಿ ನಿಂತು ಕಾಯುತ್ತಾರೆ. ಆ ಕಾಯುವಿಕೆ ಒಬ್ಬೊಬ್ಬರದ್ದೇ, ಜೊತೆಯಾಗಿ ಮಾಡುವುದಕ್ಕೆ ಏನೂ ಇಲ್ಲ. ವೇದಿಕೆಯ ಸ್ಪೀಕರ್ ಬೇರೆ ಎಲ್ಲೋ ಹಾಡುತ್ತಿರುತ್ತದೆ, ಪಕ್ಕದವರ ಹತ್ತಿರ ಮಾತಾಡಬೇಕಾದರೆ ಕಿವಿಗೆ ಬಾಯಿ ಇಡಬೇಕು. ಬಫೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಎರಡು ಸಾವಿರ ಜನ ಬಂದು, ಹಾಲ್ ಚಿಕ್ಕದಿದ್ದು, ಬಡಿಸುವ ಹುಡುಗರೆಲ್ಲ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದರೆ ಮನೆಯವರು ಏನು ಮಾಡಬೇಕು? ಅಂಥ ಕಡೆ ದೋಸೆ ಕಾವಲಿಯನ್ನು ಜನರ ಎದುರಿಗೇ ಇಡಿಸುತ್ತೇನೆ. ಹಿಟ್ಟು ಹರಡುವ ಕೈ ನೋಡುತ್ತಾ ನಿಂತವರು ಬೇಸರ ಮಾಡಿಕೊಳ್ಳುವುದಿಲ್ಲ, ಮಾತೂ ಹುಟ್ಟುತ್ತದೆ.

ಹಂತಿ ಹಾಕುವ ಮನಸ್ಸಿದ್ದವರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಊಟದ ಹಾಲ್‌ಗೆ ಹೋಗುವ ಸ್ಪೀಕರ್ ವಯರ್ ತೆಗೆಸಿ. ಮಂಡಿ ನೋವಿನವರಿಗೆ ಮೇಜು ಕುರ್ಚಿಯ ಹಂತಿ ಮಾಡಿ, ಎಲೆ ಎಲೆಯೇ ಇರಲಿ. ಆರ್ಕೆಸ್ಟ್ರಾ ಬೇಕೇ ಬೇಕಾದರೆ ಎಲೆ ಎತ್ತಿದ ಮೇಲೆ ಇಡಿ, ಇಲ್ಲವೇ ಸಂಜೆಗೆ ಒಂದು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಮಾಡಿಸಿ, ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಅದರ ಮಾತುಗಾರರಾದ ಅರ್ಥಧಾರಿಗಳಿಗೆ ಬರವೇ? ಮತ್ತೆ ಚೂರ್ಣಿಕೆ ಹೇಳುವವರನ್ನು ಮೊದಲೇ ಗೊತ್ತು ಮಾಡಿ, ಒಬ್ಬರನ್ನು ಈ ತುದಿಯಲ್ಲಿ, ಇನ್ನೊಬ್ಬರನ್ನು ಆ ತುದಿಯಲ್ಲಿ ಕೂರಿಸಿ, ನನಗೂ ಒಂದು ಮಾತು ತಿಳಿಸಿ. ಹೋಳಿಗೆಯನ್ನು ತಲೆಗೆ ಎರಡರಂತೆ ಲೆಕ್ಕ ಬರೆದುಕೊಳ್ಳುವುದು ನನ್ನ ರೂಢಿ, ಹೇಳುವವರು ಇದ್ದಾರೆ ಅಂತ ಗೊತ್ತಾದರೆ ಮೂರು ಬರೆಯುತ್ತೇನೆ.