ಕಣ್ಣು ಚೆನ್ನಾಗೇ ಕಾಣುತ್ತಿದೆ, ಆದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕಾ?

ಪ್ರಶ್ನೆ: ನನಗೆ ಟೈಪ್ 2 ಮಧುಮೇಹ ಶುರುವಾಗಿ ಆರು ವರ್ಷವಾಯಿತು. ದೂರದ್ದು, ಹತ್ತಿರದ್ದು ಎರಡೂ ಸ್ಪಷ್ಟವಾಗಿ ಕಾಣುತ್ತದೆ. ಕಳೆದ ತಿಂಗಳಷ್ಟೇ ಕನ್ನಡಕದ ನಂಬರ್ ನೋಡಿಸಿದ್ದೇನೆ. ಆದರೂ ಡಾಕ್ಟರು ರೆಟಿನಾ ತೋರಿಸಿಕೊಂಡು ಬನ್ನಿ ಎನ್ನುತ್ತಾರೆ. ನಿಜಕ್ಕೂ ಬೇಕಾ?

ಉತ್ತರ: ಬೇಕು. ನಂಬರ್ ನೋಡಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅಕ್ಷರ ಓದಿಸುವ ಪರೀಕ್ಷೆಯಿಂದ ದೃಷ್ಟಿ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ ಹೊರತು ಕಣ್ಣಿನ ಹಿಂಭಾಗದ ರೆಟಿನಾ ಹೇಗಿದೆ ಎಂದಲ್ಲ.

ಸಕ್ಕರೆ ಬಹುಕಾಲ ಹೆಚ್ಚಿದ್ದರೆ ರೆಟಿನಾದ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಉಬ್ಬುತ್ತದೆ, ಅಲ್ಲಿಂದ ರಕ್ತವೂ ನೀರೂ ಸೋರುತ್ತವೆ. ಈ ಸೋರಿಕೆ ರೆಟಿನಾದ ನಡುಭಾಗವಾದ ಮ್ಯಾಕುಲಾವನ್ನು ಮುಟ್ಟುವವರೆಗೆ ನೀವು ಚಾರ್ಟಿನ ಕೊನೆಯ ಸಾಲನ್ನೂ ಓದಬಲ್ಲಿರಿ. ಮುಂದಿನ ಹಂತದಲ್ಲಿ ನಾಳಗಳು ಕಟ್ಟಿಕೊಂಡು, ರಕ್ತ ಸಾಲದೆ ಹೊಸ ನಾಳಗಳು ಚಿಗುರುತ್ತವೆ. ಇವು ತೀರಾ ಅಶಕ್ತ. ಒಡೆದರೆ ಕಣ್ಣೊಳಗೆ ರಕ್ತ ತುಂಬಿ, ನಿನ್ನೆ ಸರಿಯಿದ್ದ ಕಣ್ಣು ಇವತ್ತು ಮಂಜಾಗಬಹುದು. ಲೇಸರ್, ಕಣ್ಣಿಗೆ ಕೊಡುವ ಇಂಜೆಕ್ಷನ್ ಎಲ್ಲವೂ ಇದಕ್ಕೆ ಮುಂಚೆಯೇ ಸಿಕ್ಕರೆ ಹೆಚ್ಚು ಫಲ. ಹೋದ ದೃಷ್ಟಿಯನ್ನು ಪೂರ್ತಿ ಮರಳಿಸುವುದು ಕಷ್ಟ.

ಟೈಪ್ 2 ಇರುವವರು ಕಾಯಿಲೆ ಪತ್ತೆಯಾದಾಗಲೇ ಮೊದಲ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಅಷ್ಟರೊಳಗೆ ಸಕ್ಕರೆ ಎಷ್ಟೋ ವರ್ಷದಿಂದ ಸದ್ದಿಲ್ಲದೆ ಏರಿರಬಹುದು. ಟೈಪ್ 1 ಆದರೆ ಶುರುವಾದ 5 ವರ್ಷದೊಳಗೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ತೊಂದರೆ ಕಂಡರೆ ಇನ್ನೂ ಬೇಗ ಬೇಗ. ಮೊದಲೇ ಮಧುಮೇಹ ಇದ್ದು ಗರ್ಭಿಣಿಯಾದವರು ಮೊದಲ 3 ತಿಂಗಳಲ್ಲೇ ತೋರಿಸಬೇಕು. ಗರ್ಭಾವಸ್ಥೆಯಲ್ಲಿ ರೆಟಿನಾದ ತೊಂದರೆ ಬೇಗ ಹೆಚ್ಚಬಹುದು.

ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡ, ಮಾತ್ರೆಯನ್ನೂ ತಪ್ಪಿಸಬೇಡಿ. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುತ್ತಾರೆ. ಸ್ವಲ್ಪ ಉರಿ, ನಂತರ 20–30 ನಿಮಿಷ ಕಾಯುವುದು. ಹತ್ತಿರದ್ದು ಮಬ್ಬು, ಬೆಳಕು ಚುಚ್ಚಿದಂತೆ, ಹೀಗೆ ಹಲವು ಗಂಟೆ ಇರುತ್ತದೆ. ಅಂದು ವಾಹನ ಓಡಿಸಬೇಡಿ, ತಂಪು ಕನ್ನಡಕ ಜೊತೆಗಿರಲಿ. ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಅದು ಅಪರೂಪ, ಆದರೆ ತಕ್ಷಣ ವಾಪಸ್ ಹೋಗಿ.

ಕೆಲವೆಡೆ ಡ್ರಾಪ್ಸ್ ಇಲ್ಲದೆಯೇ ಕ್ಯಾಮೆರಾದಲ್ಲಿ ರೆಟಿನಾದ ಫೋಟೊ ತೆಗೆಯುತ್ತಾರೆ. ತಪ್ಪೇನಿಲ್ಲ. ಆದರೆ ಪೊರೆ ಬಂದಿದ್ದರೆ ಅಥವಾ ಪಾಪೆ ಚಿಕ್ಕದಿದ್ದರೆ ಚಿತ್ರ ಮಸುಕಾಗಬಹುದು. ‘ಚಿತ್ರ ಸ್ಪಷ್ಟವಿಲ್ಲ’ ಎಂದು ಬಂದ ರಿಪೋರ್ಟನ್ನು ನಾರ್ಮಲ್ ಎಂದು ಫೈಲಿಗೆ ಸೇರಿಸಿಬಿಡಬೇಡಿ. ಅಂಥ ರಿಪೋರ್ಟ್ ಬಂದವರು ಡ್ರಾಪ್ಸ್ ಹಾಕಿಸಿ ನೇತ್ರತಜ್ಞರ ಬಳಿಯೇ ನೋಡಿಸಬೇಕು. ಹೊರಡುವ ಮುನ್ನ ಮೂರು ವಿಷಯ ಬರೆಸಿಕೊಳ್ಳಿ: ರೆಟಿನೋಪತಿ (ಮಧುಮೇಹದಿಂದ ರೆಟಿನಾಗೆ ಆಗುವ ಹಾನಿ) ಇದೆಯೇ, ಇದ್ದರೆ ಯಾವ ಹಂತ; ಮ್ಯಾಕುಲಾದಲ್ಲಿ ಊತ ಇದೆಯೇ; ಮತ್ತೆ ಯಾವಾಗ ಬರಬೇಕು. ಊತದ ಅನುಮಾನ ಇದ್ದರೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಹೇಳುತ್ತಾರೆ. ಅದರಲ್ಲಿ ನೋವಿಲ್ಲ.

ಸಕ್ಕರೆ ಏರಿಳಿಯುತ್ತಿರುವಾಗ ಹೊಸ ಕನ್ನಡಕ ಮಾಡಿಸಬೇಡಿ. ಕಣ್ಣಿನ ಮಸೂರದ ನೀರಿನಂಶ ಬದಲಾಗಿ ನಂಬರೂ ಬದಲಾಗುತ್ತದೆ. ಸಕ್ಕರೆ ಕೆಲವು ವಾರ ಸ್ಥಿರವಾಗಿರಲಿ.

ಇನ್ನು ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ತುಂಬಾ ಹೆಚ್ಚಿದ್ದು, ಇನ್ಸುಲಿನ್ ಅಥವಾ ಸೆಮಾಗ್ಲುಟೈಡ್‌ನಂಥ ಔಷಧ ಶುರು ಮಾಡುವವರು ಮೊದಲು ರೆಟಿನಾ ತೋರಿಸುವುದು ಒಳ್ಳೆಯದು. ಸಕ್ಕರೆ ಏಕಾಏಕಿ ಇಳಿದಾಗ ಆಗಲೇ ಇರುವ ರೆಟಿನೋಪತಿ ಕೆಲಕಾಲ ಉಲ್ಬಣಿಸುವುದುಂಟು. ಹಾಗೆಂದು ಔಷಧ ನಿಲ್ಲಿಸಬೇಡಿ. ಹತೋಟಿಯ ಲಾಭ ದೀರ್ಘಕಾಲದ್ದು, ಕಣ್ಣಿನ ತಪಾಸಣೆ ಮಾತ್ರ ಆ ತಿಂಗಳುಗಳಲ್ಲಿ ಬೇಗ ಬೇಗ ಆಗಬೇಕು.

ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಪರದೆ ಇಳಿದಂತೆ ನೆರಳು ಕಂಡರೆ, ಅಥವಾ ನೇರ ಗೆರೆ ಸೊಟ್ಟಗೆ ಕಂಡರೆ ವರ್ಷದ ಲೆಕ್ಕ ಬಿಟ್ಟು ಅಂದೇ ಹೋಗಿ.