ಒಣಮೇವಿನ ಲೆಕ್ಕ ಹೂಮಳೆಯಿಂದ ಶುರು

ಕೊಡಗಿನಲ್ಲಿ ಮೇವಿನ ಚಿಂತೆ ಅಂದರೆ ಎಲ್ಲರೂ ಬೇಸಿಗೆಯ ಮಾತಾಡುತ್ತಾರೆ. ನನಗೆ ಜಾಸ್ತಿ ಸಂಕಟವಾಗುವುದು ಜುಲೈ, ಆಗಸ್ಟ್‌ನಲ್ಲಿ ಹಾಲಿನ ಹಸುಗಳನ್ನು ನೋಡಿದಾಗ. ಸುತ್ತ ಹಸಿರೋ ಹಸಿರು. ಆದರೆ ಆ ಹುಲ್ಲಿನ ತುಂಬ ನೀರು. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಜೊತೆಗೆ ಹಾಕುವ ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3ರಿಂದ 4 ಅಷ್ಟೇ. ಹೂ ಹಂತದಲ್ಲಿ ಕೊಯ್ದು ಒಣಗಿಸಿದ ಓಟ್ಸ್ ಮೇವಿನಲ್ಲಿ ಸುಮಾರು ಅದರ ಎರಡು ಪಟ್ಟು ಇರುತ್ತದೆ. ಗದ್ದೆಯಲ್ಲಿ ಅದನ್ನು ಬೆಳೆದು ಒಣಗಿಸಿಟ್ಟರೆ ಮಳೆಗಾಲಕ್ಕೆ ಆಗುತ್ತದೆ.

ಓಟ್ಸ್ ಯಾಕೆ? ಕಾಂಡ ತೆಳು, ಒಳಗೆ ಪೊಳ್ಳು. ಬೇಗ ಒಣಗುತ್ತದೆ. ನೇಪಿಯರ್ ಹುಲ್ಲನ್ನು ಹರಡಿ ನೋಡಿ, ಎಲೆ ಪುಡಿಯಾದರೂ ಕಾಂಡ ಹಸಿಯಾಗೇ ಇರುತ್ತದೆ.

ಬಿತ್ತನೆ ದಿನವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಫೆಬ್ರವರಿ ಕೊನೆಯಿಂದ ಯಾವಾಗ ಬೇಕಾದರೂ ಬರಬಹುದು. ಅಷ್ಟರೊಳಗೆ ಮೇವು ಸೂರಿನಡಿ ಸೇರಿರಬೇಕು. ಓಟ್ಸ್ ಅರ್ಧದಷ್ಟು ಹೂ ಬಿಡಲು 70ರಿಂದ 80 ದಿನ ಬೇಕು. ಅಂದರೆ ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾದ ಕೂಡಲೇ, ಡಿಸೆಂಬರ್ ಮೊದಲ ವಾರದಲ್ಲೇ ಬೀಜ ಬೀಳಬೇಕು. ಕೊಯ್ಲು ತಡವಾಗುವ ಗದ್ದೆಗೆ ಅಲಸಂದೆ ಸಾಕು, ಅದು 60 ದಿನದೊಳಗೆ ಮೇವಿಗೆ ಬರುತ್ತದೆ.

ಎಕರೆಗೆ 40 ಕೆ.ಜಿ. ಬೀಜ, ಸಾಲಿನ ನಡುವೆ ಒಂದು ಗೇಣು. ಮೂರ್ನಾಲ್ಕು ಸಲ ನೀರು ಕೊಡಲು ಆಗುವ ಗದ್ದೆಯನ್ನೇ ಆರಿಸಿ. ಯೂರಿಯಾ ಅತಿಯಾದರೆ ಗಿಡದಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಒಣಗಿಸಿದರೂ ಅದು ಹೋಗುವುದಿಲ್ಲ, ಹಸುವಿನ ಪ್ರಾಣಕ್ಕೇ ಕುತ್ತು.

ಇಲ್ಲಿ ಒಂದು ತೊಡಕಿದೆ. ಓಟ್ಸ್ ಕೊಯ್ಲಿಗೆ ಬರುವ ಹೊತ್ತಿಗೇ ರೊಬಸ್ಟಾ ಕೊಯ್ಲು ಜೋರಾಗಿರುತ್ತದೆ. ಆಳು ಸಿಗುವುದಿಲ್ಲ, ಕಣದ ತುಂಬ ಕಾಫಿ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಆ ಮೊದಲ ವಾರದೊಳಗೇ ತುಂಡು ತುಂಡಾಗಿ, ಎರಡು ಮೂರು ದಿನದ ಅಂತರದಲ್ಲಿ ಬಿತ್ತಿದರೆ ಮನೆಯವರೇ ಕೊಯ್ದು ಮುಗಿಸಬಹುದು. ಕಾಳು ಗಟ್ಟಿಯಾಗಲಿ ಅಂತ ಕಾಯುವವರಿದ್ದಾರೆ. ದಯವಿಟ್ಟು ಕಾಯಬೇಡಿ. ಅಷ್ಟರಲ್ಲಿ ಕಾಂಡ ನಾರಾಗಿ, ಮತ್ತೊಂದು ಭತ್ತದ ಹುಲ್ಲೇ ಆಗಿಬಿಡುತ್ತದೆ.

ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ನಾಲ್ಕು ಬೆರಳಷ್ಟು ಕೂಳೆ ಬಿಡಿ, ಮೇವು ಅದರ ಮೇಲೆ ಕೂತರೆ ಅಡಿಯಲ್ಲಿ ಗಾಳಿ ಆಡುತ್ತದೆ. ಮೊದಲ ದಿನ ತೆಳುವಾಗಿ ಹರಡಿ ಎರಡು ಸಲ ತಿರುವಿ. ಎರಡನೇ ದಿನದಿಂದ ಬೆಳಿಗ್ಗೆ, ಎಲೆ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ತಿರುವಬೇಕು. ಉರಿಬಿಸಿಲಲ್ಲಿ ಕೈ ಹಾಕಿದರೆ ಎಲೆ ಉದುರುತ್ತದೆ. ಸತ್ವ ಇರುವುದು ಎಲೆಯಲ್ಲೇ ಅಲ್ವಾ? ಅಲಸಂದೆಯಲ್ಲಂತೂ ಉದುರುವುದು ಇನ್ನೂ ಜಾಸ್ತಿ.

ಒಣಗಿದೆಯಾ ಅಂತ ನೋಡಲು ಕಾಂಡದ ಗೆಣ್ಣನ್ನು ಉಗುರಿನಿಂದ ಕೆರೆಯಿರಿ. ಸಿಪ್ಪೆ ಏಳಬಾರದು. ಅನುಮಾನವಿದ್ದರೆ ಒಂದು ಹಿಡಿ ಮೇವು ಕತ್ತರಿಸಿ, ಒಂದು ಚಮಚ ಒಣ ಉಪ್ಪಿನ ಜೊತೆ ಗಾಜಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಇನ್ನೂ ಒಣಗಬೇಕು. ತೇವ ಶೇ. 15ಕ್ಕೆ ಇಳಿದ ಮೇಲೇ ಪೇರಿಸಿ. ಒದ್ದೆ ಮೇವು ಒಳಗೊಳಗೇ ಬಿಸಿಯೇರುತ್ತದೆ, ಬೂಸ್ಟು ಹಿಡಿಯುತ್ತದೆ, ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಅಟ್ಟಣೆ ಕಟ್ಟಿ, ಗೋಡೆಗೆ ತಾಗದಂತೆ ಪೇರಿಸಿ. ಮೊದಲ ಎರಡು ವಾರ ದಿನವೂ ಒಳಗೆ ಕೈ ಹಾಕಿ ನೋಡಿ. ಬಿಸಿ ತಾಗಿದರೆ ಆಗಲೇ ಬಿಚ್ಚಿ ಮತ್ತೆ ಬಿಸಿಲಿಗೆ ಹರಡಿ.