ಆರ್.ಇ.ಎಂ.: ನಾಲ್ವರ ಕರಾರು ಮತ್ತು 31 ವರ್ಷಗಳ ಹಾದಿ

ಅಮೆರಿಕದ ಆಲ್ಟರ್ನೇಟಿವ್ ರಾಕ್ ಸಂಗೀತದ ಚರಿತ್ರೆಯನ್ನು ಅಭ್ಯಾಸ ಮಾಡಲು ಹೊರಟವರು ಆರ್.ಇ.ಎಂ. ತಂಡದ ಬಳಿಗೆ ಬಂದಾಗ ಸಾಮಾನ್ಯವಾಗಿ ಆಲ್ಬಮ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ನಾನೂ ಮೊದಲು ಹಾಗೆಯೇ ಓದಿದ್ದೆ. ಆದರೆ ಆ ಪಟ್ಟಿಗಿಂತ ಮೊದಲು ತಿಳಿಯಬೇಕಾದದ್ದು ಆ ತಂಡದ ಒಳಗಿನ ಕರಾರು. ಹಾಡು ಯಾರ ತಲೆಯಲ್ಲಿ ಹುಟ್ಟಿದ್ದರೂ ಅದರ ರಚನೆಕಾರರೆಂದು ನಾಲ್ವರ ಹೆಸರೂ ದಾಖಲಾಗಬೇಕು, ಹಣ ಸಮವಾಗಿ ಹಂಚಿಕೆಯಾಗಬೇಕು, ಯಾವುದೇ ತೀರ್ಮಾನಕ್ಕೆ ಒಬ್ಬರು ಬೇಡವೆಂದರೂ ಅದನ್ನು ಕೈಬಿಡಬೇಕು ಎಂಬುದೇ ಆ ಕರಾರು. ಎಷ್ಟೋ ತಂಡಗಳು ಒಡೆದದ್ದು ಹೆಸರು ಮತ್ತು ಹಣದ ಜಗಳದಿಂದಲೇ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ತಂಡ ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಪೀಟರ್ ಬಕ್ ಅವರಿಗೆ, ಅಲ್ಲಿಗೆ ಬರುತ್ತಿದ್ದ ಕಲಾ ವಿದ್ಯಾರ್ಥಿ ಮೈಕೆಲ್ ಸ್ಟೈಪ್ ಪರಿಚಯವಾದರು. ಮೇಕನ್ ಊರಿನಲ್ಲಿ ಶಾಲಾದಿನಗಳಿಂದಲೇ ಒಟ್ಟಿಗೆ ನುಡಿಸುತ್ತಿದ್ದ ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ ಇವರ ಜೊತೆ ಸೇರಿದರು. ಸ್ಟೈಪ್ ಗಾಯನ, ಬಕ್ ಗಿಟಾರ್, ಮಿಲ್ಸ್ ಬೇಸ್, ಬೆರಿ ಡ್ರಮ್ಸ್. 1980ರ ಏಪ್ರಿಲ್ 5ರಂದು, ಪಾಳುಬಿದ್ದ ಚರ್ಚೊಂದರಲ್ಲಿ ನಡೆದ ಹುಟ್ಟುಹಬ್ಬದ ಕೂಟದಲ್ಲಿ ಅವರು ಮೊದಲ ಬಾರಿ ನುಡಿಸಿದರು. ತಂಡದ ಹೆಸರನ್ನು ನಿಘಂಟು ತೆರೆದು ಕಣ್ಣಿಗೆ ಬಿದ್ದಂತೆ ಆರಿಸಿಕೊಳ್ಳಲಾಯಿತು.

1981ರಲ್ಲಿ ‘ರೇಡಿಯೊ ಫ್ರೀ ಯುರೋಪ್’ ಎಂಬ ಮೊದಲ ಹಾಡು ಒಂದು ಸಣ್ಣ ಕಂಪನಿಯಿಂದ ಹೊರಬಂದಿತು. ಮರುವರ್ಷ ಐ.ಆರ್.ಎಸ್. ಕಂಪನಿಯೊಡನೆ ಒಪ್ಪಂದವಾಯಿತು. 1983ರ ‘ಮರ್ಮರ್’ ಆಲ್ಬಮ್ಮನ್ನು ಗಮನವಿಟ್ಟು ಕೇಳಬೇಕೆಂದು ನನ್ನ ಒತ್ತಾಯ. ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್ ನಿರ್ಮಿಸಿದ ಇದರಲ್ಲಿ ಆ ಕಾಲದ ರಾಕ್ ಸಂಗೀತದ ಆಡಂಬರ ಕಾಣುವುದಿಲ್ಲ. ಬಕ್ ಅವರ ಗಿಟಾರ್ ತಂತಿಗಳನ್ನು ಒಂದೊಂದಾಗಿ ಮೀಟುತ್ತ ಗೆಜ್ಜೆಯಂತೆ ನಾದಗೊಳಿಸುತ್ತದೆ. ಸ್ಟೈಪ್ ಅವರ ಮಾತುಗಳು ಅರ್ಧ ಕೇಳಿಸಿ ಅರ್ಧ ಕರಗಿಹೋಗುತ್ತವೆ. ಕಿವಿಗೆ ಸಿಗುವುದು ಅರ್ಥಕ್ಕಿಂತ ಹೆಚ್ಚಾಗಿ ಭಾವ. ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಜಗತ್ತನ್ನೇ ಆವರಿಸಿದ್ದ ಆ ವರ್ಷದಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಮ್ ಎಂದು ಆರಿಸಿದ್ದು ‘ಮರ್ಮರ್’ ಅನ್ನು.

ಆದರೂ ಜನಪ್ರಿಯತೆ ಒಮ್ಮೆಗೇ ಬರಲಿಲ್ಲ. ವಾಣಿಜ್ಯ ರೇಡಿಯೊ ಕೇಂದ್ರಗಳು ಇವರ ಹಾಡುಗಳನ್ನು ಅಷ್ಟಾಗಿ ಹಾಕದಿದ್ದಾಗ, ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೊ ಕೇಂದ್ರಗಳು ಅವನ್ನು ಪದೇ ಪದೇ ಪ್ರಸಾರ ಮಾಡಿದವು. ತಂಡವು ವ್ಯಾನಿನಲ್ಲಿ ಊರಿಂದೂರಿಗೆ ತಿರುಗಿ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನುಡಿಸಿತು. ‘ಆಲ್ಟರ್ನೇಟಿವ್’ ಎಂಬ ಪದಕ್ಕೆ ಅರ್ಥ ತುಂಬಿದ್ದು ಈ ಬದಲಿ ದಾರಿಯೇ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಆಲ್ಬಮ್‌ಗಳು ಬಂದವು. 1986ರ ಆಲ್ಬಮ್ಮಿನಲ್ಲಿ ನಿರ್ಮಾಪಕ ಡಾನ್ ಗೆಹ್ಮನ್ ಅವರ ಒತ್ತಾಯದಿಂದ ಸ್ಟೈಪ್ ಅವರ ಉಚ್ಚಾರಣೆ ಸ್ಪಷ್ಟವಾಯಿತು. 1987ರ ‘ಡಾಕ್ಯುಮೆಂಟ್’ ಆಲ್ಬಮ್ಮಿನ ‘ದಿ ಒನ್ ಐ ಲವ್’ ಅಮೆರಿಕದ ಮೊದಲ ಹತ್ತು ಹಾಡುಗಳಲ್ಲಿ ಸ್ಥಾನ ಪಡೆಯಿತು. ವಿದೇಶಗಳಲ್ಲಿ ತಮ್ಮ ಆಲ್ಬಮ್‌ಗಳ ವಿತರಣೆ ಸಾಲದೆಂಬ ಅಸಮಾಧಾನದಿಂದ 1988ರಲ್ಲಿ ಅವರು ವಾರ್ನರ್ ಬ್ರದರ್ಸ್ ಕಂಪನಿಗೆ ಹೋದರು. ಸಂಗೀತದ ಮೇಲಿನ ಹಿಡಿತವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು.

1991ರ ‘ಲೂಸಿಂಗ್ ಮೈ ರಿಲಿಜನ್’ ಹಾಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಇದು ಧರ್ಮತ್ಯಾಗದ ಹಾಡಲ್ಲ. ತಾಳ್ಮೆಯ ಕಟ್ಟೆಯೊಡೆಯುವುದಕ್ಕೆ ಅಮೆರಿಕದ ದಕ್ಷಿಣ ಭಾಗದ ಜನ ಬಳಸುವ ನುಡಿಗಟ್ಟು ಅದು. ಹಾಡಿನಲ್ಲಿರುವುದು ಹೇಳಿಕೊಳ್ಳಲಾಗದ ಒಲವಿನ ತಳಮಳ. ಬಕ್ ಹೊಸದಾಗಿ ಮ್ಯಾಂಡೊಲಿನ್ ಕಲಿಯುತ್ತಿದ್ದಾಗ ಇದರ ಸ್ವರಪಂಕ್ತಿ ಹೊಳೆಯಿತು. ಅದರ ವಿಡಿಯೊವನ್ನು ನಿರ್ದೇಶಿಸಿದವರು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಅದರ ಗಾಢ ಬಣ್ಣ ಮತ್ತು ಭಾವಾತಿರೇಕದಲ್ಲಿ ಭಾರತೀಯ ಚಿತ್ರಗಳ ಛಾಯೆಯಿದೆ. ಆ ವರ್ಷ ಎಂ.ಟಿ.ವಿ. ಅದನ್ನೇ ವರ್ಷದ ವಿಡಿಯೊ ಎಂದು ಗೌರವಿಸಿತು. ಆ ಹಾಡಿದ್ದ ‘ಔಟ್ ಆಫ್ ಟೈಮ್’ ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಮರುವರ್ಷದ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ ಸಾವು ಮತ್ತು ಅಗಲಿಕೆಯ ಸುತ್ತ ಹೆಣೆದ, ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ. ಅದರ ಹೆಸರು ಮಾತ್ರ ಅಥೆನ್ಸಿನ ಒಂದು ಊಟದ ಹೋಟೆಲಿನ ಘೋಷವಾಕ್ಯದಿಂದ ಬಂದದ್ದು. ಈ ಎರಡು ಆಲ್ಬಮ್‌ಗಳಿಗಾಗಿ ಅವರು ಸಂಗೀತ ಪ್ರವಾಸವನ್ನೇ ಮಾಡಲಿಲ್ಲ.

ಮುಂದೆ ‘ಮಾನ್‌ಸ್ಟರ್’ ಆಲ್ಬಮ್ಮಿಗಾಗಿ 1995ರಲ್ಲಿ ಹೊರಟ ಪ್ರವಾಸ ಕಷ್ಟದ್ದಾಯಿತು. ಮಾರ್ಚ್ 1ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ವೇದಿಕೆಯ ಮೇಲೆಯೇ ಬೆರಿ ಅಸ್ವಸ್ಥರಾದರು. ಮಿದುಳಿನ ರಕ್ತನಾಳದ ತೊಂದರೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಅದೇ ಪ್ರವಾಸದಲ್ಲಿ ಮಿಲ್ಸ್ ಮತ್ತು ಸ್ಟೈಪ್ ಅವರಿಗೂ ಶಸ್ತ್ರಚಿಕಿತ್ಸೆಗಳಾದವು. ಬೆರಿ ಚೇತರಿಸಿಕೊಂಡು ಮರಳಿದರೂ 1997ರ ಅಕ್ಟೋಬರಿನಲ್ಲಿ ತಂಡವನ್ನು ಬಿಟ್ಟರು. ತಾನು ಹೋದರೆ ತಂಡ ನಿಲ್ಲುವುದಾದರೆ ಹೋಗುವುದಿಲ್ಲ ಎಂಬುದು ಅವರ ಷರತ್ತಾಗಿತ್ತು. ನಾಲ್ವರ ಕರಾರು ಎಷ್ಟು ಆಳಕ್ಕಿಳಿದಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೂರು ಕಾಲಿನ ನಾಯಿಯೂ ನಾಯಿಯೇ, ಆದರೆ ಓಡುವ ಬಗೆಯನ್ನು ಹೊಸದಾಗಿ ಕಲಿಯಬೇಕು ಎಂಬರ್ಥದ ಮಾತನ್ನು ಸ್ಟೈಪ್ ಆಗ ಆಡಿದರು.

ಉಳಿದ ಮೂವರು ಬೆರಿ ಅವರ ಸ್ಥಾನಕ್ಕೆ ಮತ್ತೊಬ್ಬ ಸದಸ್ಯನನ್ನು ಸೇರಿಸಿಕೊಳ್ಳಲಿಲ್ಲ. 1998ರ ‘ಅಪ್’ ಆಲ್ಬಮ್ಮಿನಲ್ಲಿ ಡ್ರಮ್ ಯಂತ್ರಗಳನ್ನೂ ಬಳಸಿದರು. ಅದು ಮಾರಾಟದಲ್ಲಿ ಹಿಂದೆ ಬಿದ್ದರೂ ಶ್ರದ್ಧೆಯಿಂದ ಕೇಳಬೇಕಾದ ಕೃತಿ. 2004ರ ‘ಅರೌಂಡ್ ದಿ ಸನ್’ ನಿರಾಸೆ ಮೂಡಿಸಿತು. 2008ರ ‘ಆಕ್ಸಿಲರೇಟ್’ ಹಳೆಯ ಬಿರುಸನ್ನು ಮರಳಿ ತಂದಿತು. ಹದಿನೈದನೆಯ ಆಲ್ಬಮ್ ಬಂದ 2011ರಲ್ಲಿಯೇ, ಸೆಪ್ಟೆಂಬರ್ 21ರಂದು, ತಂಡವನ್ನು ವಿಸರ್ಜಿಸುವುದಾಗಿ ಅವರು ಪ್ರಕಟಿಸಿದರು. ಜಗಳವಾಗಲಿ ಮೊಕದ್ದಮೆಯಾಗಲಿ ಇರಲಿಲ್ಲ.

2024ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಗೀತರಚನೆಕಾರರ ಗೌರವ ಸಭೆಯಾದ ‘ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್’ ಇವರನ್ನು ಸೇರಿಸಿಕೊಂಡಾಗ, ಡ್ರಮ್ಸ್ ನುಡಿಸುತ್ತಿದ್ದ ಬೆರಿ ಸೇರಿ ನಾಲ್ವರಿಗೂ ರಚನೆಕಾರರೆಂದೇ ಆ ಗೌರವ ಸಂದಿತು. ಅಂದು ನಾಲ್ವರೂ ಒಟ್ಟಾಗಿ ವೇದಿಕೆ ಹತ್ತಿ ‘ಲೂಸಿಂಗ್ ಮೈ ರಿಲಿಜನ್’ ನುಡಿಸಿದರು.